ಮಾಳಿಗೆಯ ಮೇಲಿನ ಸೂರ್ಯಪೆಟ್ಟಿಗೆ

ಇನ್ನು ಮೇಲೆ ತಮ್ಮ ಮನೆಯಲ್ಲಿ ಹೊಗೆ ಏಳಕೂಡದು ಎಂದು ಹುನಗುಂದದ ಗುಮಾಸ್ತ ಹೊಳಬಸಪ್ಪನವರು ತೀರ್ಮಾನಿಸಿಬಿಟ್ಟರು. ಸೌರ ಒಲೆಗೆ ಸರ್ಕಾರ ಅರ್ಧ ದುಡ್ಡು ಕೊಡುತ್ತದೆಂದು ಕೇಳಿದ್ದೇ ತಡ, ಉಳಿದರ್ಧವನ್ನು ಪಗಾರದಿಂದ ಕಟ್ಟಿ, ಕನ್ನಡಿ ಮುಚ್ಚಳದ ಪೆಟ್ಟಿಗೆಯೊಂದನ್ನು ಮಾಳಿಗೆಗೆ ಏರಿಸಿದರು. ನಮ್ಮ ಕಡೆಯ ಬಿಸಿಲಿಗೆ ಬರವೇ!

ಹೆಂಡತಿ ಗುರುಲಿಂಗವ್ವ ಆಗ ಬಾದಾಮಿಯ ತವರಿನಲ್ಲಿದ್ದರು. ಮಗಳು ಸಂಗವ್ವನಿಗೆ ಅಲ್ಲೊಂದು ಸಂಬಂಧ ಬಂದಿತ್ತು. ಹುಡುಗನ ತಂದೆ ರಾಚಪ್ಪನವರು ಮನೆತನ ನೋಡಿ, ಉಂಡು, ಮಾತು ಮುಗಿಸಲು ಗುರುಲಿಂಗವ್ವನ ಜೊತೆಗೇ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬೀಗರನ್ನು ಬೆರಗುಗೊಳಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಹೊಳಬಸಪ್ಪ ಬೆಳಗ್ಗೆಯೇ ಹಳೆಯ ಒಲೆ ಕೀಳಿಸಿ, ಇದ್ದಬದ್ದ ಕಟ್ಟಿಗೆಯನ್ನೆಲ್ಲ ಪಕ್ಕದ ಮನೆಯ ಸಿದ್ದಲಿಂಗವ್ವನಿಗೆ ದಾನ ಮಾಡಿದರು.

"ಅಪ್ಪಾ, ರೊಟ್ಟಿ ಹೆಂಗ ಮಾಡ್ಲಿ?" ಎಂದಳು ಸಂಗವ್ವ.

"ನೀ ಬಡದು ಕೊಡು. ಸುಡೂದು ಸೂರ್ಯಾನ ಕೆಲಸ."

ಅನ್ನ, ಬೇಳೆ, ಬಡಿದ ಹಸಿ ರೊಟ್ಟಿ ಎಲ್ಲವೂ ಪೆಟ್ಟಿಗೆ ಸೇರಿದವು. ಹೊಳಬಸಪ್ಪ ಅಲ್ಲೇ, ಮಾಳಿಗೆಯ ಅಂಚಿಗೆ ಬಾಗಿದ ಬೇವಿನ ನೆರಳಲ್ಲಿ ಒರಗಿದರು. ಕಣ್ಣು ಮುಚ್ಚಿದರೆ ಊರಿಗೆ ಊರೇ ಮಿನುಗುತ್ತಿತ್ತು. ಯಾವ ಮಾಳಿಗೆಯಲ್ಲೂ ಹೊಗೆಯಿಲ್ಲ, ಯಾವ ಹೆಂಗಸಿನ ಕಣ್ಣಲ್ಲೂ ನೀರಿಲ್ಲ. ಸೂರ್ಯನೇ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಸಂಗವ್ವನ ಮದುವೆಯ ಅಡುಗೆ ಮಾಡುತ್ತಿದ್ದಾನೆ! ಅಳಿಯನಿಗೂ ಇಂಥದೊಂದು ಪೆಟ್ಟಿಗೆ ಉಡುಗೊರೆ ಕೊಟ್ಟರಾಯಿತು ಅಂದುಕೊಳ್ಳುವಷ್ಟರಲ್ಲಿ ಕೆಳಗೆ ಬೀಗರ ಕೆಮ್ಮು ಕೇಳಿಸಿತು.

ಅನ್ನ ಅರಳಿತ್ತು, ಬೇಳೆ ಬೆಂದಿತ್ತು. ರೊಟ್ಟಿ ಮಾತ್ರ ಬೆವತು, ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿತ್ತು. ರಾಚಪ್ಪನವರು ಅದನ್ನು ಬೆರಳಿನಿಂದ ಒತ್ತಿ ನೋಡಿ ತಟ್ಟೆಯನ್ನು ಬದಿಗೆ ಸರಿಸಿದರು. ರೊಟ್ಟಿಯಿಲ್ಲದ್ದಕ್ಕೆ ನಮ್ಮ ಸೀಮೆಯಲ್ಲಿ ಊಟವೆಂದು ಹೆಸರಿಲ್ಲ. ಸಂಬಂಧ ಕೈತಪ್ಪಿತೆಂದೇ ಹೊಳಬಸಪ್ಪನವರು ಅಂದುಕೊಂಡರು. ಗಾಬರಿಯಲ್ಲಿ ಸರ್ಕಾರದ ಸಹಾಯಧನದ ವಿವರವನ್ನೆಲ್ಲ ಒದರಿದರು.

ಗುರುಲಿಂಗವ್ವ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಸರಕಾರ ಅರ್ಧಾ ರೊಕ್ಕಾ ಕೊಟ್ಟೈತ್ರಿ ಅಣ್ಣಾರ. ಅದಕ್ಕ ಅರ್ಧಾ ಊಟಾ ಆಗೇತಿ," ಎಂದರು.

ಅಷ್ಟರಲ್ಲಿ ಸಂಗವ್ವ ಹಿಟ್ಟಿನ ಬುಟ್ಟಿ ಹಿಡಿದು ಪಕ್ಕದ ಮನೆಗೆ ಓಡಿಯಾಗಿತ್ತು. ಅಪ್ಪ ದಾನ ಮಾಡಿದ ಕಟ್ಟಿಗೆಯ ಉರಿಯಲ್ಲೇ ಬಿಸಿ ರೊಟ್ಟಿ ಉಬ್ಬಿ ಬಂದವು. ಬೀಗರು ಹೊಟ್ಟೆ ತುಂಬ ಉಂಡು ತೇಗಿದರು. ಹೊಳಬಸಪ್ಪನವರಿಗೆ ಹೋದ ಜೀವ ಬಂದಂತಾಗಿ, ಅಳಿಯನಿಗೂ ಒಂದು ಪೆಟ್ಟಿಗೆ ಕೊಡುವ ಮಾತನ್ನು ಮೆಲ್ಲಗೆ ತೆಗೆದರು.

ರಾಚಪ್ಪನವರು ಕೈ ಒರೆಸಿಕೊಳ್ಳುತ್ತ ಎದ್ದರು. "ಹುಡುಗಿ ನಮ್ಮ ಮನಿಗೆ ಬರ್ಲಿ. ಪೆಟಗಿ ನಿಮ್ಮಲ್ಲೇ ಇರ್ಲಿ."