ನೂರು ಡಿಗ್ರೀನೂ ಒಂದು ಬಿಸೀನಾ, ಸಿಸ್ಟರ್?

ಹದಿನಾಲ್ಕು ವರ್ಷ ನರ್ಸಾಗಿ ವಾರ್ಡಿನಲ್ಲಿ ಓಡಾಡುವಾಗ ನನಗೆ ನಗೋಕೂ ಪುರುಸೊತ್ತಿರಲಿಲ್ಲ. ಕೆಲಸ ಮನೆಗೇ ಬಂದಮೇಲೆ ಮಾತ್ರ, ಒಂದು ದಿನಾನೂ ನಗದೆ ಲ್ಯಾಪ್‌ಟಾಪ್ ಮುಚ್ಚಿದ್ದಿಲ್ಲ. ಏನಾದರೊಂದು ಆಗ್ತಾನೇ ಇರುತ್ತೆ.

ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಈಗ ನನ್ನ ವಾರ್ಡು. ಕೀಮೋ ತಗೊಂಡು ಮನೆಗೆ ಹೋದ ಶಿವಮೊಗ್ಗ, ಭದ್ರಾವತಿ ಕಡೆಯ ಪೇಶೆಂಟುಗಳು ಒಬ್ಬೊಬ್ಬರಾಗಿ ವಿಡಿಯೋದಲ್ಲಿ ಬರ್ತಾರೆ. ವಾಂತಿ ಆಯ್ತಾ, ಊಟ ಸೇರ್ತಾ, ಬಾಯಲ್ಲಿ ಹುಣ್ಣಿದೆಯಾ ಅಂತೆಲ್ಲ ಕೇಳ್ತೀನಿ. ಎಲ್ಲಕ್ಕಿಂತ ಮುಖ್ಯ, ಜ್ವರ ಬಂತಾ ಅನ್ನೋದು. ಕೀಮೋ ಆದ ಹೊಸತರಲ್ಲಿ ಸೋಂಕಿನ ಜೊತೆ ಹೊಡೆದಾಡೋ ತ್ರಾಣ ಮೈಯಲ್ಲಿ ಇರೋದಿಲ್ಲ. ಜ್ವರ ಬಂದ ತಕ್ಷಣ ಹೇಳಿದರೆ ಆಸ್ಪತ್ರೆಗೆ ಕರೆಸಿ ಔಷಧಿ ಏರಿಸಬಹುದು. ಮುಚ್ಚಿಟ್ಟರೆ ಜೀವಕ್ಕೇ ಕುತ್ತು.

ನಮ್ಮ ಕಡೆ ಜನರನ್ನ ಹೇಗಿದ್ದೀರಿ ಅಂತ ಕೇಳಿ ನೋಡಿ. ಕಾಲು ಮುರಿದುಕೊಂಡು ಬಿದ್ದಿರಲಿ, ಉತ್ತರ ಒಂದೇ: "ಆರಾಮ್." ನನ್ನ ಕೆಲಸವೆಲ್ಲ ಈ "ಆರಾಮ್" ಅನ್ನೋ ಮಾತಿನ ಜೊತೆ ಕುಸ್ತಿ.

ಬಂದವರಿಗೆ ಕಾಫಿ

ಮೊದಲನೇ ವಾರದಲ್ಲೇ ಆಲ್ಕೊಳದ ಒಬ್ಬರು ಅಜ್ಜಿ ಸಿಕ್ಕಿದರು. ವಿಡಿಯೋ ತೆರೆದರೆ ಅಜ್ಜಿ ರೇಷ್ಮೆ ಸೀರೆ ಉಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಸ್ಕಾರ್ಫಿಗೆ ಮಲ್ಲಿಗೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಎದುರಿಗೆ ಟೀಪಾಯಿ, ಅದರ ಮೇಲೆ ಹಬೆಯಾಡೋ ಕಾಫಿ, ತಟ್ಟೆಯಲ್ಲಿ ಎರಡು ಚಕ್ಕುಲಿ. ಯಾರೋ ನೆಂಟರು ಬರೋ ಹಾಗಿದೆ, ಆಮೇಲೆ ಫೋನ್ ಮಾಡಲಾ ಅಂದೆ. ನೆಂಟರು ಯಾರೂ ಇಲ್ಲವಂತೆ, ಬಂದಿರೋಳು ನಾನೇ ಅಂತೆ. ಕಾಫಿ ನನಗೇ ಅಂತೆ.

ನಾನು ನಕ್ಕು, ವಾಂತಿ ಎಷ್ಟು ಸಲ ಆಯ್ತು ಅಜ್ಜಿ ಅಂತ ಕೇಳಿದೆ. ಅಜ್ಜಿ ಮುಖ ಸಿಂಡರಿಸಿದರು. ಮನೆಗೆ ಬಂದವರ ಬಾಯಿಗೆ ಒಂದು ಗುಟುಕು ಬೀಳೋಕೆ ಮುಂಚೆ ವಾಂತಿ ಸುದ್ದಿ ಎತ್ತೋದು ಯಾವ ಊರ ಪದ್ಧತಿ ಅಂತ ತಮ್ಮ ಸೊಸೆಯನ್ನ ಕೇಳಿದರು, ನನ್ನ ಎದುರಿಗೇ. ಕೊನೆಗೆ ನಮ್ಮತ್ತೆ ಒಳಗಿಂದ ಒಂದು ಲೋಟ ಕಾಫಿ ತಂದುಕೊಟ್ಟರು. ನಾನು ಈ ಕಡೆ ಕುಡಿದು, ಖಾಲಿ ಲೋಟ ಕ್ಯಾಮೆರಾಗೆ ತೋರಿಸಿದ ಮೇಲೆ ಅಜ್ಜಿ ಬಾಯಿ ಬಿಟ್ಟರು. ಏಳು ಸಲ ವಾಂತಿ ಆಗಿತ್ತು. ಎರಡು ದಿನದಿಂದ ಹೊಟ್ಟೆಯಲ್ಲಿ ನೀರೂ ನಿಂತಿರಲಿಲ್ಲ. "ಆರಾಮ್" ಅಂದರೆ ಇದು ನೋಡಿ.

ಆಹಾ, ಗುಟ್ಟು ಸಿಕ್ತು ಅಂತ ನನಗೆ ಖುಷಿಯೋ ಖುಷಿ. ಮಾರನೇ ದಿನದಿಂದ ಎಲ್ಲರ ಜೊತೆಗೂ ಕಾಫಿ ಕುಡೀತಾನೇ ಮಾತು ಶುರು ಮಾಡಿದೆ. ಜನ ಮನಸ್ಸು ಬಿಚ್ಚಿ ಹೇಳತೊಡಗಿದರು. ಆದರೆ ಮಧ್ಯಾಹ್ನದೊಳಗೆ ಒಂಬತ್ತು ಲೋಟ ಆಗಿತ್ತು. ಕೈ ನಡುಗ್ತಾ ಇದೆಯಾ ಅಂತ ನಾನು ಪೇಶೆಂಟನ್ನ ಕೇಳಿದರೆ, "ನಂದಲ್ಲ ಸಿಸ್ಟರ್, ನಿಮ್ಮದೇ ನಡುಗ್ತಿದೆ" ಅಂದರು.

ಬರೀ ಆನೆ

ಇನ್ನು ಭದ್ರಾವತಿಯ ಯಜಮಾನರ ವಿಷಯ. ಇವರದ್ದು ಒಂದು ಕಥೆಯಲ್ಲ, ನಾಲ್ಕು ತಿಂಗಳ ಧಾರಾವಾಹಿ. ಉಕ್ಕಿನ ಫ್ಯಾಕ್ಟರಿಯ ಫರ್ನೇಸಿನಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು. ಎಪ್ಪತ್ತರ ಹತ್ತಿರ ವಯಸ್ಸು, ಎತ್ತರದ ಆಳು, ಮಾತಾಡಿದರೆ ಈಗಲೂ ಯಂತ್ರದ ಸದ್ದಿನ ಮೇಲೆ ಕೂಗೋ ಹಾಗೇ. ಹೊಟ್ಟೆಯ ಕ್ಯಾನ್ಸರ್. ಒಟ್ಟು ಆರು ಕೀಮೋ. ಆರೂ ಮುಗಿಸಿದರೆ ಗೆದ್ದ ಹಾಗೆ, ನಡುವೆ ನಿಲ್ಲಿಸೋ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರು. ಅವರ ಹೆಂಡತಿ, ನಾನು ಅಮ್ಮ ಅಂತಾನೇ ಕರೆಯೋದು, ಆ ಆರು ತಾರೀಖನ್ನೂ ಕ್ಯಾಲೆಂಡರಿನಲ್ಲಿ ಕುಂಕುಮದಿಂದ ಗುರುತು ಹಾಕಿದ್ದರು.

ಮೊದಲ ಕೀಮೋ ಆದಮೇಲೆ ಜನ ಸೇರೋ ಕಡೆ ಹೋಗಬೇಡಿ, ಸೋಂಕು ತಗಲುತ್ತೆ ಅಂತ ಮೂರು ಸಲ ಹೇಳಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ವಿಡಿಯೋ ತೆರೆದರೆ ಯಜಮಾನರ ಭುಜದ ಹಿಂದೆ ಒಂದು ಸೊಂಡಿಲು. ಕಣ್ಣುಜ್ಜಿಕೊಂಡು ನೋಡಿದೆ. ನಿಜವಾದ ಆನೆ, ತುಂಗೆಯಲ್ಲಿ ಮಲಗಿ ಬೆನ್ನು ಉಜ್ಜಿಸಿಕೊಳ್ತಾ ಇದೆ. ಯಜಮಾನರು ಸಕ್ರೆಬೈಲಿನ ಆನೆ ಬಿಡಾರದಲ್ಲಿದ್ದರು. ಮನೇಲಿ ಕೂತು ಬೇಜಾರಾಯ್ತು ಅಂತ ಹೆಂಡತಿಯನ್ನ ಕರ್ಕೊಂಡು ಹೋಗಿದ್ದರಂತೆ.

ನಾನು ರೇಗಿದೆ. ನಾನು ಹೇಳಿದ್ದೇನು, ನೀವು ಮಾಡಿದ್ದೇನು ಅಂತ ಕೇಳಿದೆ.

"ಜನ ಸೇರೋ ಕಡೆ ಹೋಗಬೇಡಿ ಅಂದ್ರಿ ಸಿಸ್ಟರ್. ಇಲ್ಲಿ ಬರೀ ಆನೆ."

ಫೋನ್ ಒಂದು ಸುತ್ತು ತಿರುಗಿಸಿ ತೋರಿಸಿ ಅಂದೆ. ತಿರುಗಿಸಿದರು. ಎರಡು ಸ್ಕೂಲ್ ಬಸ್ಸಿನ ಮಕ್ಕಳು, ಒಂದು ಮದುವೆ ದಿಬ್ಬಣದಷ್ಟು ಟೂರಿಸ್ಟರು, ಎಲ್ಲರ ಕೈಯಲ್ಲೂ ಮೊಬೈಲು. ಯಜಮಾನರು ನಿಧಾನಕ್ಕೆ ಫೋನನ್ನ ವಾಪಸ್ ಆನೆ ಕಡೆಗೆ ತಿರುಗಿಸಿ, "ನೀವು ಈ ಕಡೆ ಮಾತ್ರ ನೋಡಿ" ಅಂದರು.

ಗುಡಿಸಿಟ್ಟ ಜ್ವರ

ಇದನ್ನ ಹೇಳುವಾಗ ನಗೋಕೆ ನನಗೆ ಸ್ವಲ್ಪ ಕಷ್ಟ.

ಎರಡನೇ ಕೀಮೋ ಆಗಿ ಹತ್ತನೇ ದಿನ. ಯಜಮಾನರು ಇಸ್ತ್ರಿ ಅಂಗಿ ಹಾಕಿ, ಮುಖಕ್ಕೆ ಪೌಡರ್ ಹಚ್ಚಿ, ಹಣೆಗೆ ವಿಭೂತಿ ಇಟ್ಟು ಕೂತಿದ್ದರು. ಥರ್ಮಾಮೀಟರ್ ಇಡಿ ಅಂದೆ, ಇಟ್ಟರು. ತೊಂಬತ್ತೆಂಟೂವರೆ. ಹೇಗಿದ್ದೀರಿ ಅಂದೆ. ಆರಾಮ್ ಅಂದರು. ನಾನೂ ಹಾಗೇ ಬರ್ಕೊಂಡೆ. ಮಾರನೇ ದಿನ ಅವರನ್ನ ಐಸಿಯುಗೆ ಸೇರಿಸಿದರು.

ಮೂರು ದಿನದಿಂದ ಜ್ವರ ಇತ್ತಂತೆ. ಸಿಸ್ಟರ್ ನೋಡೋ ಹೊತ್ತಿಗೆ ಇರಬಾರದು ಅಂತ, ನನ್ನ ಕರೆಗೆ ಒಂದು ಗಂಟೆ ಮುಂಚೆ ಅಮ್ಮ ಜ್ವರದ ಮಾತ್ರೆ ಕೊಡ್ತಿದ್ದರಂತೆ. ಮನೆಗೆ ಯಾರಾದರೂ ಬರ್ತಾರೆ ಅಂದರೆ ಕಸ ಗುಡಿಸ್ತೀವಲ್ಲ, ಹಾಗೆ ಜ್ವರ ಗುಡಿಸಿಟ್ಟಿದ್ದರು. ನಾಲ್ಕು ದಿನ ನನಗೆ ಅನ್ನ ಇಳೀಲಿಲ್ಲ. ವಾರ್ಡಿನಲ್ಲಾಗಿದ್ದರೆ ಹಣೆ ಮುಟ್ಟಿ ನೋಡ್ತಿದ್ದೆ. ಫೋನಿನಲ್ಲಿ ಪೌಡರ್ ನೋಡಿ ಮೋಸ ಹೋದೆ. ಆ ಸಂಕಟ ಯಾರಿಗೂ ಬೇಡ.

ದೇವರು ದೊಡ್ಡವನು, ಐದನೇ ದಿನ ಯಜಮಾನರು ಮನೆಗೆ ಬಂದರು. ನಾನು ಬೈಯೋಕೇ ಅಂತ ಫೋನ್ ಮಾಡಿದೆ. ಅವರು ಹಾಸಿಗೆಯಲ್ಲಿ ಕೂತು, ನನ್ನನ್ನೇ ಸಮಾಧಾನ ಮಾಡಿದರು.

"ಸಾವಿರದ ಐನೂರು ಡಿಗ್ರಿ ಎದುರಿಗೆ ಮೂವತ್ತು ವರ್ಷ ನಿಂತವನು ನಾನು. ನೂರು ಡಿಗ್ರೀನೂ ಒಂದು ಬಿಸೀನಾ, ಸಿಸ್ಟರ್?"

ನನಗೆ ಎಲ್ಲಿತ್ತೋ ಸಿಟ್ಟು. ಆ ಫರ್ನೇಸಿನ ಬಿಸಿ ಮಿತಿ ಮೀರಿದರೆ ಏನು ಮಾಡ್ತಿದ್ರಿ, ಮಾತ್ರೆ ಕೊಟ್ಟು ಮುಚ್ಚಿಡ್ತಿದ್ರಾ ಅಂತ ಕೇಳಿದೆ. ಯಜಮಾನರಿಗೆ ಅವಮಾನ ಆಯ್ತು. "ಏನ್ ಸಿಸ್ಟರ್ ಹೀಗಂತೀರಿ? ರೀಡಿಂಗ್ ಮುಚ್ಚಿಟ್ಟರೆ ಜನ ಸಾಯ್ತಾರೆ" ಅಂದರು.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಕಾಣಿಸ್ತು. ಯಜಮಾನರು ಅವರನ್ನ ನೋಡಿ, ಗಂಟಲು ಸರಿಮಾಡಿಕೊಂಡು, ಪೂರಾ ಆಫೀಸಿನ ದನಿಯಲ್ಲಿ ಕೇಳಿದರು: "ಲಿಮಿಟ್ ಎಷ್ಟು?"

ಲೋಡಿಂಗ್, ಅನ್‌ಲೋಡಿಂಗ್

ನೂರು ದಾಟಿದರೆ ಫೋನ್ ಮಾಡಿ, ಮಾತ್ರೆ ಮುಟ್ಟಬೇಡಿ ಅಂತ ಹೇಳಿದ್ದೆ, ಅಷ್ಟೇ. ಮೂರನೇ ಕೀಮೋ ಮುಗಿಸಿ ಬಂದ ಮಾರನೇ ದಿನ ನೋಡಿದರೆ ಅವರ ಮನೆಯೇ ಫ್ಯಾಕ್ಟರಿ ಆಗಿತ್ತು. ಅದೇ ಬೀದಿಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿ ರಿಟೈರ್ ಆದ ಮೂವರಿದ್ದರು. ಮೂವರಿಗೂ ಡ್ಯೂಟಿ ಹಾಕಿಬಿಟ್ಟಿದ್ದರು. ಒಳಗೆ ಬರೋಕೆ ಮುಂಚೆ ಸೋಪಿನಲ್ಲಿ ಕೈ ತೊಳೀಬೇಕು, ಮಾಸ್ಕ್ ಹಾಕಬೇಕು, ಜಗಲಿಯಲ್ಲೇ ಕೂರಬೇಕು, ಎರಡು ಗಂಟೆಗೊಮ್ಮೆ ರೀಡಿಂಗ್ ತಗೊಂಡು ಡ್ಯೂಟಿ ಪುಸ್ತಕದಲ್ಲಿ ಬರೀಬೇಕು, ನನಗೆ ವಾಯ್ಸ್ ಮೆಸೇಜ್ ಹಾಕಬೇಕು. ಅವರಲ್ಲಿ ಮನೆಮಾತು ತಮಿಳಾದ ಒಬ್ಬರು ಹಿರಿಯರಿದ್ದರು, ಬೆಳಗಿನ ಶಿಫ್ಟಿನ ಇನ್‌ಚಾರ್ಜು. ಅವರದ್ದಂತೂ ಮಿಲಿಟರಿ ಶಿಸ್ತು.

ನನಗೆ ಎಷ್ಟು ಸಂತೋಷ ಆಯ್ತು ಅಂದರೆ, ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಊಟ, ಹೊಟ್ಟೆ ಹೋಗೋದು ಎಲ್ಲ ಬರೆದಿಟ್ಟರೆ ಇನ್ನೂ ಒಳ್ಳೇದು ಅಂತ ಬಾಯಿ ತಪ್ಪಿ ಅಂದೂಬಿಟ್ಟೆ.

ಅವತ್ತು ನಮ್ಮತ್ತೆಯ ಕಡೆ ನೆಂಟರು ಬಂದಿದ್ದರು. ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದೆವು. ಮೆಸೇಜ್ ಬಂತು. ರೀಡಿಂಗ್ ಇರಬೇಕು, ಕೇಳಿ ನೀವೂ ಅಂತ ಹೆಮ್ಮೆಯಿಂದ ಜೋರಾಗಿ ಹಾಕಿದೆ. ಬೆಳಗಿನ ಇನ್‌ಚಾರ್ಜಿನ ಗಂಭೀರ ದನಿ ಮನೆತುಂಬ ಮೊಳಗ್ತು:

"ಹತ್ತು ಗಂಟೆ. ಟೆಂಪರೇಚರ್ ತೊಂಬತ್ತೆಂಟು ಪಾಯಿಂಟ್ ಎರಡು. ಲೋಡಿಂಗ್, ಎರಡು ಇಡ್ಲಿ. ಅನ್‌ಲೋಡಿಂಗ್, ಒಂದು ಸಲ. ತೃಪ್ತಿಕರ."

ನೆಂಟರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

ಚಾರ್ಜ್

ನಾಲ್ಕನೇ ಕೀಮೋ ಆಗಿ ಒಂಬತ್ತನೇ ದಿನ, ಭಾನುವಾರ ಬೆಳಿಗ್ಗೆ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಮೆಸೇಜ್ ಬರಬೇಕಾದ ಹೊತ್ತಿಗೆ ಬೆಳಗಿನ ಇನ್‌ಚಾರ್ಜಿನ ಫೋನೇ ಬಂತು.

"ಮೇಡಂ, ನೂರು ಪಾಯಿಂಟ್ ಆರು. ಎರಡು ಸಲ ನೋಡಿದೆವು. ಮಾತ್ರೆ ಕೊಟ್ಟಿಲ್ಲ."

ಈಗಲೇ ಹೊರಡಿ ಅಂದೆ. ಹೊರಟಾಗಿತ್ತು, ಅಮ್ಮನನ್ನೂ ಕೂರಿಸಿಕೊಂಡು ಕಾರಿನಿಂದಲೇ ಮಾತಾಡ್ತಿದ್ದರು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡ್ಯೂಟಿಯಲ್ಲಿದ್ದ ಸಿಸ್ಟರು ನನ್ನ ಹಳೇ ಗೆಳತಿ. ಅವಳಿಗೆ ಫೋನ್ ಮಾಡಿ, ಕೀಮೋ ಪೇಶೆಂಟ್, ಜ್ವರ, ಬಂದ ಕೂಡಲೇ ರಕ್ತ ತೆಗೆದು ಡ್ರಿಪ್ ಹಾಕು, ಒಂದು ನಿಮಿಷ ತಡ ಮಾಡಬೇಡ ಅಂದೆ. ಆಮೇಲೆ ಎಣ್ಣೆ ತಲೆಯಲ್ಲೇ ಮನೆಯೊಳಗೆ ಶತಪಥ ಹಾಕಿದೆ. ಹೋದ ಸಲದ ಹಾಗಾಗದಿರಲಿ ಅಂತ ಕಂಡ ದೇವರಿಗೆಲ್ಲ ಕೈ ಮುಗಿದೆ. ನಮ್ಮತ್ತೆ ಏನೂ ಕೇಳದೆ ದೀಪ ಹಚ್ಚಿದರು.

ಮುಕ್ಕಾಲು ಗಂಟೆಗೆ ಗೆಳತಿಯ ಫೋನ್ ಬಂತು. ದನಿಯಲ್ಲಿ ಸಿಟ್ಟು ಕುದೀತಿತ್ತು.

"ನಿನ್ನ ಪೇಶೆಂಟ್ ಬಂದಿದ್ದಾರೆ. ಆದರೆ ಕೊಡ್ತಿಲ್ಲ."

"ಏನು ಕೊಡ್ತಿಲ್ಲ?"

"ಪೇಶೆಂಟನ್ನೇ ಕೊಡ್ತಿಲ್ಲ ಮಾರಾಯ್ತಿ."

ಮೂವರು ಮುದುಕರು ಸ್ಟ್ರೆಚರಿನ ಸುತ್ತ ನಿಂತುಬಿಟ್ಟಿದ್ದರಂತೆ. ಡ್ಯೂಟಿ ಮುಗಿಯೋದು ಎರಡು ಗಂಟೆಗೆ, ನಡುವೆ ಬಿಟ್ಟುಹೋಗೋದಾದರೆ ಮುಂದಿನವರು ಚಾರ್ಜ್ ತಗೊಂಡು ಪುಸ್ತಕದಲ್ಲಿ ಸಹಿ ಹಾಕಬೇಕು, ಇಲ್ಲದಿದ್ದರೆ ಸ್ಟ್ರೆಚರ್ ಅಲ್ಲಾಡೋ ಹಾಗಿಲ್ಲ ಅಂತ ಬೆಳಗಿನ ಇನ್‌ಚಾರ್ಜು ಪಟ್ಟು. ಪೇಶೆಂಟಿಗಾದರೂ ಬುದ್ಧಿ ಇದೆಯಾ ಅಂದರೆ, ಜ್ವರದಲ್ಲಿ ಮೈ ನಡುಗ್ತಿದ್ದರೂ ಯಜಮಾನರು ಮಲಗಿದಲ್ಲಿಂದಲೇ, "ರೂಲ್ ಅಂದರೆ ರೂಲ್, ಸಿಸ್ಟರ್" ಅಂತ ಕೂಗ್ತಿರೋದು ನನಗೇ ಕೇಳಿಸ್ತು.

"ಸಹಿ ಹಾಕೇ ತಾಯಿ," ನಾನು ಕಿರುಚಿದೆ, "ಬೇಕಾದರೆ ಹೆಬ್ಬೆಟ್ಟೂ ಒತ್ತು."

ಹಾಕಿದಳು. ಹತ್ತೇ ನಿಮಿಷದಲ್ಲಿ ಡ್ರಿಪ್ ಇಳೀತಾ ಇತ್ತು. ಜ್ವರ ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಡಾಕ್ಟರು ಕೇಳಿದಾಗ ಇನ್‌ಚಾರ್ಜು ಹಿಂದಿನ ದಿನದಿಂದ ಅಷ್ಟೂ ರೀಡಿಂಗ್ ಓದಿ ಹೇಳಿದರಂತೆ. ಇಷ್ಟು ಬೇಗ ಕರ್ಕೊಂಡು ಬಂದದ್ದಕ್ಕೇ ಐಸಿಯು ತಪ್ಪಿತು ಅಂತ ಡಾಕ್ಟರು ಮೂವರ ಕೈಯನ್ನೂ ಕುಲುಕಿದರಂತೆ. ಅದನ್ನ ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆಯನ್ನ ತಬ್ಬಿಕೊಂಡೆ, ಅವರ ಸೀರೆಗೆಲ್ಲ ಎಣ್ಣೆ ಮಾಡಿದೆ, ಬೈಸಿಕೊಂಡೆ. ಮೂರನೇ ದಿನ ಯಜಮಾನರು ಮನೆಗೆ ಹೋದರು. ಐದನೆಯದೂ ಆಯ್ತು, ಆರನೆಯದೂ ಆಯ್ತು. ಅಮ್ಮ ಕ್ಯಾಲೆಂಡರನ್ನ ಕ್ಯಾಮೆರಾಗೆ ಹಿಡಿದು ತೋರಿಸಿದರು.

ಆ ಭಾನುವಾರ ಸಂಜೆ ಗೆಳತಿ ತಾನು ಸಹಿ ಹಾಕಿದ ಪುಟದ ಫೋಟೋ ಕಳಿಸಿದ್ದಳು. ಅದು ಈಗಲೂ ನನ್ನ ಮೊಬೈಲಿನಲ್ಲಿದೆ. ಮೇಲೆ ಇನ್‌ಚಾರ್ಜಿನ ಗುಂಡು ಅಕ್ಷರ: "ಹಸ್ತಾಂತರಿಸಿದ್ದು: ಫೋರ್‌ಮನ್, ಒಂದು. ಸ್ಥಿತಿ: ಬಿಸಿ, ಆದರೆ ಚಾಲನೆಯಲ್ಲಿದೆ."

ಅದರ ಕೆಳಗೆ ಡ್ರಿಪ್ ಹಾಕಿದ ಕೈಯಲ್ಲೇ ಯಜಮಾನರು ಸೊಟ್ಟಸೊಟ್ಟಗೆ ಷರಾ ಬರೆದಿದ್ದರು: "ವಾಪಸ್ ಕೊಡುವಾಗ ತೊಂಬತ್ತೆಂಟು ಪಾಯಿಂಟ್ ಆರು ಇರತಕ್ಕದ್ದು. ಹೆಚ್ಚಿದ್ದರೆ ಸ್ವೀಕರಿಸಲಾಗುವುದಿಲ್ಲ."

ಅದರ ಕೆಳಗೆ, ಪುಟದ ಕೊನೆಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ, ಅಮ್ಮನ ಸಣ್ಣ ಅಕ್ಷರ:

"ಎಷ್ಟು ಡಿಗ್ರಿ ಇದ್ದರೂ ಪರವಾಗಿಲ್ಲ, ನಾನು ತಗೊಳ್ತೀನಿ. ಇಂತಿ, ಹೆಂಡತಿ."