ಸಿಂಕಿನ ತೂತನ್ನು ಕೂಡಿಸಿದ ಮೇಷ್ಟರು

ಮೇಷ್ಟರುಗಳಿಗೆ ಒಂದು ಕಾಯಿಲೆ ಇರುತ್ತದೆ. ಕ್ಲಾಸು ಮುಗಿದರೂ ಬಾಯಿ ಮುಗಿಯುವುದಿಲ್ಲ. ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಕ್ಯಾನಿಕ್ಸ್ ಹೇಳಿಕೊಡುತ್ತಿರುವ ನನಗೆ ಈ ಕಾಯಿಲೆ ಸ್ವಲ್ಪ ಜಾಸ್ತಿಯೇ ಇದೆ. ಮನೆಯಲ್ಲಿ ಅರ್ಧ ತಿಂದ ದೋಸೆ ಕಂಡರೂ ಅದರ ಸೆಂಟ್ರಾಯ್ಡ್ ಎಲ್ಲಿ ಎಂದು ಬೆರಳು ಮಾಡಿ ತೋರಿಸುತ್ತೇನೆ. ವಸ್ತುವನ್ನು ಯಾವ ಜಾಗದಲ್ಲಿ ಹಿಡಿದೆತ್ತಿದರೆ ಅತ್ತಿತ್ತ ವಾಲುವುದಿಲ್ಲವೋ ಅದೇ ಸೆಂಟ್ರಾಯ್ಡ್. ಬಗ್ಗಿಸಲು ಹೋದರೆ ಅದರ ಆಕಾರ ಎಷ್ಟು ಮೊಂಡು ಹಿಡಿಯುತ್ತದೆ ಎಂಬುದು ಮೊಮೆಂಟ್ ಆಫ್ ಇನರ್ಷಿಯಾ. "ನಿಮ್ಮ ಎರಡನೇದು ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತು, ದೋಸೆ ಬಿಟ್ಟು ಏಳಿ" ಎನ್ನುತ್ತಾಳೆ ನನ್ನ ಹೆಂಡತಿ.

ಕಾಲೇಜಿನಲ್ಲಿ ನನಗೆ ಇನ್ನೊಂದು ಖ್ಯಾತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸೆಂಟ್ರಾಯ್ಡ್ ಲೆಕ್ಕದಲ್ಲಿ, ನಾಲ್ಕಾರು ಆಕಾರ ಸೇರಿದ ಚಿತ್ರದಲ್ಲಿ ತೂತು ಇದ್ದರೆ ಅದರ ಪಾಲನ್ನು ಕಳೆಯಬೇಕು. ಮರೆತು ಕೂಡಿಸಿದವರಿಗೆ ಹತ್ತಕ್ಕೆ ಸೊನ್ನೆ. ಉಳಿದ ಮೇಷ್ಟರುಗಳು ಮೆಥಡ್ ಸರಿಯಿದೆ ಎಂದು ನಾಲ್ಕೋ ಐದೋ ಕೊಡುತ್ತಾರೆ. ನಾನು ಕೊಡುವುದಿಲ್ಲ. "ಸೇತುವೆ ಬಿದ್ದ ಮೇಲೆ ಮೆಥಡ್ ಸರಿಯಿತ್ತು ಅಂತೀಯೇನಯ್ಯ?" ಎಂದು ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತುವಾಗ ನನಗೆ ಒಂದು ತರಹದ ಖುಷಿಯೂ ಆಗುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊಳೆನರಸೀಪುರದಲ್ಲಿ ನನ್ನ ತಂಗಿ ಸರೋಜ ಮನೆ ಕಟ್ಟಿಸಿದಳು. ಅಡುಗೆಮನೆ ಮಹಡಿಯ ಮೇಲೆ. ಶುಕ್ರವಾರ ಗೃಹಪ್ರವೇಶ, ಹಾಲು ಉಕ್ಕಿಸುವುದಕ್ಕೆ ಕಟ್ಟೆಯೇ ಇಲ್ಲ, ಏಕೆಂದರೆ ಅವಳು ಮೂರು ಊರು ಸುತ್ತಿ ಆರಿಸಿದ್ದ ಗ್ರಾನೈಟ್ ಚಪ್ಪಡಿ ಮಂಗಳವಾರವಷ್ಟೇ ಬಂದಿತ್ತು. ಆರಡಿ ಉದ್ದ, ಎರಡಡಿ ಅಗಲ, ಎಡಗಡೆ ಸಿಂಕಿಗೆಂದು ದೊಡ್ಡ ತೂತು. ಆ ಬಣ್ಣದ ಕಲ್ಲು ಇನ್ನೊಂದು ಸಿಗುವುದಿಲ್ಲವಂತೆ. ಅವತ್ತು ನಾನೂ ಅಲ್ಲಿಗೆ ಹೋಗಿದ್ದೆ. ಅದನ್ನು ಕೂರಿಸಲು ಬಂದ ಗ್ರಾನೈಟ್ ಕೆಲಸದವನು ನನ್ನನ್ನು ನೋಡಿದವನೇ ಕೈಯೊರೆಸಿಕೊಂಡು ನಮಸ್ಕಾರ ಹಾಕಿದ. ದಂಡಿಗನಹಳ್ಳಿಯ ಮಂಜುನಾಥ, ನನ್ನ ಹಳೇ ಶಿಷ್ಯ. ಮೆಕ್ಯಾನಿಕ್ಸ್ ಪೇಪರು ಉಳಿಸಿಕೊಂಡು ಡಿಪ್ಲೊಮಾ ಬಿಟ್ಟುಹೋದವನು. ಅದರಲ್ಲಿ ನನ್ನ ಸೊನ್ನೆಗಳ ಪಾಲೂ ಇತ್ತು.

ಮೆಟ್ಟಿಲು ಕಿರಿದು, ತಿರುವಿನಲ್ಲಿ ಕಲ್ಲು ಹಿಡಿಸುವುದಿಲ್ಲ. ಹಾಗಾಗಿ ಹೊರಗಡೆಯಿಂದ ಹಗ್ಗ ಕಟ್ಟಿ ರಾಟೆಯಲ್ಲಿ ಎಳೆಯಬೇಕು. ಮಂಜ ಒಂದು ಕಬ್ಬಿಣದ ಪೈಪು ತಂದ. "ಪೈಪಿನ ಮ್ಯಾಲೆ ಮಡಗಿ ಅತ್ಲಾಗಿತ್ಲಾಗೆ ಉಳ್ಳುಸ್ತೀನಿ ಸಾ. ಎಲ್ಲಿ ನಿಂತ್ಕತ್ತದೋ ಅಲ್ಲೇ ಅಗ್ಗ." ಅಷ್ಟೇ ಕೆಲಸ. ಎರಡು ನಿಮಿಷ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಆದರೆ ತಂಗಿ ಇದ್ದಾಳೆ, ಭಾವ ಇದ್ದಾರೆ, ಎದುರುಮನೆಯವರೂ ಬಂದು ನಿಂತಿದ್ದಾರೆ. "ಪೈಪು ಯಾಕಯ್ಯ, ಲೆಕ್ಕ ಇಲ್ವಾ?" ಎಂದು ಸಿಮೆಂಟ್ ಚೀಲದ ಹಾಳೆ ಹರಿದು, ಎಲ್ಲರಿಗೂ ಕೇಳುವಂತೆ ಜೋರಾಗಿ ಗುಣಿಸಿ ಭಾಗಿಸಿ, ಎಡತುದಿಯಿಂದ ಎರಡು ಅಡಿ ಎಂಟೂವರೆ ಅಂಗುಲಕ್ಕೆ ಗೀಟು ಎಳೆದೆ. ಮಂಜ ಗೀಟನ್ನು ನೋಡಿದ, ಕಲ್ಲನ್ನು ನೋಡಿದ, ತಲೆ ಕೆರೆದುಕೊಂಡು ಅಲ್ಲಿಗೇ ಹಗ್ಗ ಬಿಗಿದ.

ಕಿಟಕಿಯ ಮೇಲಿನ ಸಜ್ಜದ ಮಟ್ಟಕ್ಕೆ ಏರುವಷ್ಟರಲ್ಲಿ ಕಲ್ಲು ಬಲಕ್ಕೆ ವಾಲಿತು. ಹಗ್ಗ ಜಾರಿತು, ಮೂಲೆ ಸಜ್ಜಕ್ಕೆ ಬಡಿಯಿತು, ಚಪ್ಪಡಿ ಮರಳಿನ ಗುಡ್ಡೆಯ ಮೇಲೆ ಬಿದ್ದು ಸಿಂಕಿನ ತೂತಿನ ಹತ್ತಿರ ಎರಡು ತುಂಡಾಯಿತು. ಸರೋಜ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲರೂ ನನ್ನ ಕಡೆ ತಿರುಗುವ ಮುಂಚೆ ನಾನು ಬಾಯಿಬಿಟ್ಟೆ: "ಹಗ್ಗ ಸರಿಯಾಗಿ ಬಿಗಿಯೋದಲ್ವೇನೋ ಮಂಜ!"

"ತಪ್ಪಾಯ್ತು ಸಾ" ಎಂದ ಅವನು. ಆಮೇಲೆ ಸರೋಜ ಅವನನ್ನು ಬೈದಳು, ಭಾವ ಬೈದರು. ನಾನು ಕಾಫಿ ಕುಡಿದು ಹಾಸನದ ಬಸ್ಸು ಹತ್ತಿದೆ.

ಆ ಹಾಳೆ ಜೇಬಿನಲ್ಲೇ ಇತ್ತು. ಬಸ್ಸಿನಲ್ಲಿ ತೆಗೆದು ನೋಡಿದೆ. ಸಿಂಕಿನ ತೂತನ್ನು ಕೂಡಿಸಿದ್ದೆ! ಮೈನಸ್ ಇರಬೇಕಾದ ಎರಡೂ ಕಡೆ ಗುಂಡುಗುಂಡಾದ ಪ್ಲಸ್. ಕಳೆದಿದ್ದರೆ ಮೂರೂವರೆ ಅಡಿ ಬರುತ್ತಿತ್ತು. ರಾತ್ರಿ ಹೆಂಡತಿಗೆ ಹೇಳಿದರೆ, "ಎಡಗಡೆ ಕಲ್ಲೇ ಇಲ್ಲ ಅಂದ್ಮೇಲೆ ಭಾರ ಬಲಗಡೆಗೆ ಅಲ್ವೇನ್ರೀ? ಇದಕ್ಕೂ ಲೆಕ್ಕ ಬೇಕಾ?" ಎಂದಳು. ಬೇಕಿರಲಿಲ್ಲ. ಆದರೆ ತಪ್ಪು ಲೆಕ್ಕಕ್ಕಿಂತ ಆ "ತಪ್ಪಾಯ್ತು ಸಾ" ನನ್ನನ್ನು ಹೆಚ್ಚು ತಿಂದಿತು. ಬುಧವಾರವಿಡೀ ಕ್ಲಾಸಿನಲ್ಲಿ ಮಕ್ಕಳ ಮುಖ ನೋಡಲಾಗಲಿಲ್ಲ.

ಗುರುವಾರ ರಜೆ ಹಾಕಿ ಹೋದೆ. ಮಂಜ ತುಂಡುಗಳನ್ನು ಒಂದೊಂದಾಗಿ ಮೇಲೆ ಸಾಗಿಸಿ, ಕಲ್ಲಿನ ಅಂಟು ಹಾಕಿ ಕೂಡಿಸಿ, ಉಜ್ಜುತ್ತಾ ಕುಳಿತಿದ್ದ. ಸರೋಜ ಪಕ್ಕದಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ಹಾಳೆಯನ್ನು ಇಬ್ಬರ ಮುಂದೆಯೂ ಹಿಡಿದೆ. "ತಪ್ಪು ಇವನದಲ್ಲಮ್ಮ, ನಂದು. ತೂತು ಕಳೀಲಿಲ್ಲ."

ಸರೋಜ ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿ, "ನನ್ನ ಕೈಲಿ ಅವನನ್ನ ಬೈಸಿದ್ಯಲ್ಲ ಅಣ್ಣ" ಎಂದು ಒಳಗೆ ಹೋದಳು.

"ನಿನಗೆ ಅವತ್ತೇ ಗೊತ್ತಾಗಲಿಲ್ವೇನೋ?" ಎಂದು ಮಂಜನನ್ನು ಕೇಳಿದೆ.

"ಗೀಟು ಎಳ್ದಾಗ್ಲೇ ಕಣ್ಣಿಗೆ ಒಂದ್ ತರ ಕಾಣ್ತು ಸಾ. ಆದ್ರೆ ನೀವು ಲೆಕ್ಕ ಮಾಡಿದ್ರಲ್ಲ. ನಾನು ಅದೇ ಲೆಕ್ಕದಾಗೆ ಫೇಲಾದೋನು. ನನ್ ಕಣ್ಣೇ ತಪ್ಪಿರ್ಬೇಕು ಅಂದ್ಕಂಡೆ."

ಹತ್ತು ವರ್ಷದಿಂದ ಕಲ್ಲು ಎತ್ತುತ್ತಿರುವ ಕಣ್ಣು ಅದು. ನಾನು ಸುತ್ತಿದ ಸೊನ್ನೆ ಅದರ ಮೇಲೆ ಇನ್ನೂ ಕೂತಿತ್ತು. ನಾನು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಿಂತೆ.

ಮಂಜ ಕೈಯೊರೆಸಿಕೊಂಡು ನನ್ನ ಹಾಳೆ ತೆಗೆದುಕೊಂಡ. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. "ಚಿತ್ರ ಸರಿಯಾಗೈತೆ ಸಾ. ಮೆಥಡ್ಡೂ ಸರಿಯಾಗೈತೆ. ಮೈನಸ್ ಒಂದೇ ಬುಟ್ಟೋಗೈತೆ," ಎಂದು ಸ್ವಲ್ಪ ಯೋಚಿಸಿ, "ಐದು ಮಾರ್ಕ್ಸ್ ಕೊಡ್ಬೋದು ಬುಡಿ" ಎಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೊಟ್ಟ. ನನ್ನ ನಿಯಮದ ಪ್ರಕಾರ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ, ತೆಗೆದುಕೊಂಡೆ.