ಬ್ಲೂ-ರೇಗೆ ಆಯುಧಪೂಜೆ

"ಈ ವಿಜಯದಶಮಿಗೆ ಆ ಹನುಮಂತರಾಯಪ್ಪನ ನಗು ನಿಲ್ಲಿಸದೇ ಇದ್ರೆ ನನ್ನ ಹೆಸರು ಕೃಷ್ಣಯ್ಯನೇ ಅಲ್ಲ!"

ಚಂದ್ರಾ ಲೇಔಟಿನ ತಮ್ಮ ಮನೆಯ ಹಾಲ್‌ನಲ್ಲಿ, ಟೀವಿಯ ಹಿಂದಿನ ಸಂದಿಯಲ್ಲಿ ತಲೆ ತೂರಿಸಿಕೊಂಡು ಕೃಷ್ಣಯ್ಯನವರು ಈ ಭೀಷ್ಮ ಪ್ರತಿಜ್ಞೆ ಮಾಡಿದರು. ತಲೆ ಸಂದಿಯಲ್ಲಿ ಇದ್ದುದರಿಂದ ಪ್ರತಿಜ್ಞೆಯ ಮುಕ್ಕಾಲು ಪಾಲು ಗೋಡೆಗೆ ಕೇಳಿಸಿತು. ಉಳಿದ ಕಾಲು ಪಾಲು ಹುರುಳಿಕಾಯಿ ಸೋಸುತ್ತ ಕೂತಿದ್ದ ಹೆಂಡತಿ ವೆಂಕಟಲಕ್ಷ್ಮಮ್ಮನವರ ಕಿವಿಗೆ ಬಿತ್ತು.

"ಮೊದ್ಲು ತಲೆ ಈಚೆ ತಗೊಳ್ರೀ. ಅಲ್ಲಿ ಹಲ್ಲಿ ಇದೆ" ಎಂದರು ಅವರು.

ಹನುಮಂತರಾಯಪ್ಪ ಬೇರೆ ಯಾರೂ ಅಲ್ಲ, ವೆಂಕಟಲಕ್ಷ್ಮಮ್ಮನವರ ಒಡಹುಟ್ಟಿದ ತಮ್ಮ. ಬಾಪೂಜಿ ನಗರದಲ್ಲಿ ಪಾತ್ರೆ ಅಂಗಡಿ ಇಟ್ಟವನು. ಭಾವನೆಂದರೆ ಅವನಿಗೆ ಬಹಳ ಗೌರವ. ಏಕವಚನದಲ್ಲಿ ಮಾತಾಡಿದವನಲ್ಲ, ಎದುರಾಡಿದವನಲ್ಲ. ಸುಮ್ಮನೆ ನಗುತ್ತಿದ್ದ, ಅಷ್ಟೇ. ಕೃಷ್ಣಯ್ಯನವರು ಮನೆಗೆ ಹೊಸ ಮೆಷಿನ್ ತಂದಾಗಲೆಲ್ಲ ಬಂದು, ಅದನ್ನು ಒಂದು ಸುತ್ತು ನೋಡಿ, "ಹಿಹಿಹಿ" ಎಂದು ನಕ್ಕು ಹೋಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು? ನಡೆಯಲೆಂದು ತಂದ ಟ್ರೆಡ್‌ಮಿಲ್ ನಡೆಯಲಿಲ್ಲ. ಬಟ್ಟೆ ಒಗೆಯಲೆಂದು ತಂದ ವಾಷಿಂಗ್ ಮೆಷಿನ್ ನಡೆಯಿತು, ಬಚ್ಚಲಿನಿಂದ ಹೊರಟು ಅಡುಗೆಮನೆಯ ಬಾಗಿಲವರೆಗೆ! "ಭಾವ, ಎರಡರ ಬೋರ್ಡೂ ಅದಲುಬದಲಾಗಿರ್ಬೇಕು" ಎಂದು ಅವನು ಹಬ್ಬದ ಪಂಕ್ತಿಯಲ್ಲಿ ಹೇಳಿದಾಗ ಎಲೆಯ ಮುಂದೆ ಕೂತವರೆಲ್ಲ ಅನ್ನ ನೆತ್ತಿಗೇರಿಸಿಕೊಂಡು ನಕ್ಕಿದ್ದರು.

ಕೃಷ್ಣಯ್ಯನವರಿಗೆ ನಿಜವಾಗಿಯೂ ನೋವಾಗಿತ್ತು. ನಾಯಂಡಹಳ್ಳಿಯಲ್ಲಿ ಅಪ್ಪ ರಾಗಿ ಬೆಳೆದ ಜಮೀನಿನಲ್ಲಿ ಗೋಡೌನು ಕಟ್ಟಿಸಿ ಬಾಡಿಗೆಗೆ ಕೊಟ್ಟ ಗೌರವಸ್ಥ, ಹೆಂಡತಿಯ ತವರಿನ ಹಿರಿಯಳಿಯ, ನೆಂಟರ ಎದುರು ತಲೆ ತಗ್ಗಿಸಿಕೊಂಡು ಪಾಯಸ ಸುರಿಯಬೇಕೆಂದರೆ?

ಅದಕ್ಕೇ ಈ ಬ್ಲೂ-ರೇ ಪ್ಲೇಯರ್ ಬಂದದ್ದು. ಎರಡು ಸಾವಿರದ ಒಂಬತ್ತರ ಆ ದಸರಾಕ್ಕೆ ಇಡೀ ರಸ್ತೆಯಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ. ಡಿವಿಡಿಗೆ ಅಪ್ಪ, ವಿಸಿಡಿಗೆ ತಾತ! ಅದರ ಜೊತೆ ಸಮುದ್ರದ ಮೀನುಗಳ ಒಂದು ಡಿಸ್ಕ್ ಫ್ರೀ. ವೈರು ಸಿಕ್ಕಿಸಿ, ಡಿಸ್ಕ್ ಹಾಕಿ, ಬಟನ್ ಒತ್ತಿದರೆ, ಏನಾಶ್ಚರ್ಯ, ಮೊದಲ ಸಲಕ್ಕೇ ಓಡಿಬಿಟ್ಟಿತು! ಗೋಡೆಯಗಲ ನೀಲಿ ಸಮುದ್ರ. ಒಂದೊಂದು ಮೀನಿನ ಒಂದೊಂದು ಹುರುಪೆಯೂ ಎಣಿಸುವಷ್ಟು ಸ್ಪಷ್ಟ. ಕೃಷ್ಣಯ್ಯನವರ ತಾಯಿ ಅಕ್ಕಯ್ಯಮ್ಮನವರು ಕನ್ನಡಕ ಏರಿಸಿಕೊಂಡು ನೋಡಿ, "ಸಾರಿಗೆ ಚೆನ್ನಾಗಿರ್ತದೆ ಕಣ್ಲಾ ಕಿಷ್ಣ, ಮುಳ್ಳು ಕಮ್ಮಿ" ಎಂದು ಸರ್ಟಿಫಿಕೇಟ್ ಕೊಟ್ಟರು.

ಕೃಷ್ಣಯ್ಯನವರು ಆ ಕ್ಷಣವೇ ಬಾಮೈದನಿಗೆ ಫೋನ್ ಮಾಡಿದರು.

"ಲೋ ಹನುಮಂತ, ವಿಜಯದಶಮಿ ದಿನ ಮನೆಮಂದಿನೆಲ್ಲ ಕರ್ಕೊಂಡು ಊಟಕ್ಕೆ ಬಾ. ಊಟ ಆದ್ಮೇಲೆ ನಿಂಗೆ ಸಮುದ್ರ ತೋರಿಸ್ತೀನಿ."

"ಸಮುದ್ರಾನಾ? ಚಂದ್ರಾ ಲೇಔಟಲ್ಲಾ? ಹಿಹಿಹಿ! ಟವೆಲ್ ತರ್ಬೇಕಾ ಭಾವ?"

"ನಗು, ನಗು. ಅದೇ ನಿನ್ನ ಕೊನೇ ನಗು!"

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ಮನೆಯಲ್ಲಿ ಕಬ್ಬಿಣವೆಂಬ ಕಬ್ಬಿಣಕ್ಕೆಲ್ಲ ಅಂದು ಸ್ನಾನ. ಮಚ್ಚು, ಈಳಿಗೆಮಣೆ, ಸ್ಕ್ರೂಡ್ರೈವರ್, ಸ್ಪ್ಯಾನರ್, ಕಟಿಂಗ್ ಪ್ಲೈಯರ್ ಎಲ್ಲವೂ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ದೇವರ ಮುಂದೆ ಸಾಲಾಗಿ ಮಲಗಿದವು. ಇನ್ನು ಮರುದಿನ ಮತ್ತೊಂದು ಮಂಗಳಾರತಿ ಆಗುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಅದು ಅಕ್ಕಯ್ಯಮ್ಮನವರ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಸ್ಕೂಟರಿಗೆ ಹಾರ, ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಮಿಕ್ಸಿಗೆ ಸೇವಂತಿಗೆ. ಎಲ್ಲ ಮುಗಿದ ಮೇಲೆ ಮೆರವಣಿಗೆ ಬ್ಲೂ-ರೇ ಪ್ಲೇಯರಿನ ಸನ್ನಿಧಾನಕ್ಕೆ ಬಂತು.

"ಸ್ವಿಚ್ ಆರಿಸಿ ಪೂಜೆ ಮಾಡ್ರೀ" ಎಂದರು ವೆಂಕಟಲಕ್ಷ್ಮಮ್ಮ.

"ನಿಂಗೇನ್ ಗೊತ್ತಾಗುತ್ತೆ? ಲೈಟ್ ಉರೀತಾ ಇದ್ರೇನೇ ಕಳೆ!" ಎಂದ ಕೃಷ್ಣಯ್ಯನವರು ರಿಮೋಟ್ ಎತ್ತಿ, ತಾಯಿಗೆ ಅದರ ವೈಭವ ತೋರಿಸಲು ಬಟನ್ ಒತ್ತಿದರು. ಸುಂಯ್ ಎಂದು ಟ್ರೇ ಹೊರಗೆ ಬಂತು.

ಅಕ್ಕಯ್ಯಮ್ಮನವರ ಕರುಳು ಚುರುಕ್ಕೆಂದಿತು. "ಅಯ್ಯೋ ಪಾಪ, ತಟ್ಟೆ ಚಾಚ್ತಾ ಐತೆ ಕಣಪ್ಪ!" ಎಂದವರೇ ಆ ಟ್ರೇಯ ಮೇಲೆ ಒಂದು ವೀಳ್ಯದೆಲೆ ಹಾಸಿದರು. ಎಲೆಯ ಮೇಲೆ ಒಂದು ಅಡಿಕೆ ಚೂರು, ಒಂದು ಹಿಡಿ ಕಡ್ಲೆಪುರಿ, ತೆಳ್ಳಗೆ ಬಿಲ್ಲೆ ಮಾಡಿದ ಬಾಳೆಹಣ್ಣು. ಅಗರಬತ್ತಿ ಹೊಗೆಯಾಡಿತು. ಗಂಟೆ ಮೊಳಗಿತು. ಕೃಷ್ಣಯ್ಯನವರು ಭಕ್ತಿಪರವಶರಾಗಿ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದರು. ಬಾಮೈದನ ನಗು ನಿಲ್ಲಲೆಂದು ಬೇಡಿಕೊಳ್ಳುತ್ತ ಅಂಗೈಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿದರು. ಎರಡು ಅಂಗೈಗಳ ನಡುವೆ ರಿಮೋಟ್ ಇತ್ತು!

ಸುಂಯ್. ಟ್ರೇ ಎಲೆ, ಅಡಿಕೆ, ಪುರಿ, ಹಣ್ಣು ಸಮೇತ ಒಳಗೆ ಹೋಯಿತು.

"ನೈವೇದ್ಯ ಸ್ವೀಕಾರ ಆಯ್ತು ಕಣ್ಲಾ!" ಅಕ್ಕಯ್ಯಮ್ಮನವರ ಕಣ್ಣಲ್ಲಿ ನೀರು. ಕೃಷ್ಣಯ್ಯನವರ ಕಣ್ಣಲ್ಲೂ ನೀರು. ಕಾರಣ ಮಾತ್ರ ಬೇರೆ.

ಟೀವಿಯ ಮೇಲೆ "ರೀಡಿಂಗ್" ಎಂದು ಇಂಗ್ಲಿಷಿನಲ್ಲಿ ಮೂಡಿತು. ಒಳಗಿನಿಂದ ಪುರಿ ಹುರಿಯುವ ಬಾಣಲೆಯ ಸದ್ದು.

"ಏನ್ರೀ ಓದ್ತಾ ಇದೆ ಅದು? ಎಲೆ ಅಡಿಕೇನಾ?" ಎಂದರು ವೆಂಕಟಲಕ್ಷ್ಮಮ್ಮ.

ಕೃಷ್ಣಯ್ಯನವರು ಗಡಬಡಿಸಿ ಓಪನ್ ಬಟನ್ ಒತ್ತಿದರು. ಮೆಷಿನ್ ಗರ್ರ್ ಎಂದು ಗುರುಗುಟ್ಟಿತು. ಅಡಿಕೆ ಎಲ್ಲೋ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡಿರಬೇಕು, ಟ್ರೇ ಒಂದು ಬೆರಳಗಲ ಹೊರಗೆ ಬಂತು, ನಡುಗಿತು, ಒಂದೇ ಒಂದು ಪುರಿಯನ್ನು ಹೊರಗೆ ಉಗಿಯಿತು, ಮತ್ತೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದರು. ಇನ್ನೊಂದು ಪುರಿ.

"ಪ್ರಸಾದ!" ಎಂದು ಅಕ್ಕಯ್ಯಮ್ಮನವರು ಆಯ್ದುಕೊಂಡು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

"ಅವ್ವಾ, ಪ್ರಸಾದ ಅಲ್ಲ ಅದು, ರಿಪೇರಿ! ಸ್ಕ್ರೂಡ್ರೈವರ್ ಕೊಡು, ಬಿಚ್ಚಬೇಕು!"

"ಪೂಜೆಗಿಟ್ಟಿದ್ದು ಮುಟ್ಟುದ್ರೆ ನೋಡು ಮತ್ತೆ! ಅದ್ರಾಗೂ ಉಣ್ತಾ ಕುಂತಿರೋರ ಹೊಟ್ಟೆ ಬಿಚ್ಚಕ್ಕೆ? ನಿಂಗೇನು ಗ್ಯಾನ ಐತಾ?" ಎಂದು ಅಕ್ಕಯ್ಯಮ್ಮನವರು ದೇವರಕೋಣೆಯ ಹೊಸ್ತಿಲಲ್ಲೇ ಕೂತುಬಿಟ್ಟರು.

ಮನೆಯಲ್ಲಿಲ್ಲದಿದ್ದರೆ ಊರಲ್ಲಿಲ್ಲವೇ? ಕೃಷ್ಣಯ್ಯನವರು ನಾಯಂಡಹಳ್ಳಿಗೆ ಓಡಿದರು. ಮೈಸೂರು ರಸ್ತೆಯ ಉದ್ದಕ್ಕೂ ವರ್ಕ್‌ಶಾಪುಗಳು, ಸ್ಕ್ರೂಡ್ರೈವರಿಗೆ ಬರವೇ? ಬರವಿರಲಿಲ್ಲ, ರಜೆಯಿತ್ತು! ಎಲ್ಲ ಕಡೆ ಬಾಳೆಕಂದು, ಬೀದಿಯಲ್ಲೆಲ್ಲ ಒಡೆದ ಬೂದುಗುಂಬಳ, ಬೆಂಚಿನ ಮೇಲೆ ಹೂ ಮುಡಿದು ಮಲಗಿದ ಸ್ಪ್ಯಾನರುಗಳು.

"ಇವತ್ತು ಸ್ಕ್ರೂಡ್ರೈವರ್ ಎತ್ತಂಗಿಲ್ಲ ಸಾರ್" ಎಂದ ಮೊದಲ ವರ್ಕ್‌ಶಾಪಿನ ದುಂಡಪ್ಪ. "ಇವತ್ತು ಬಿಚ್ಚಿದ್ರೆ ವರ್ಷಪೂರ್ತಿ ಬಿಚ್ಚೋದೇ ಆಗ್ತದೆ, ಕೂಡ್ಸೋದು ಇರಲ್ಲ. ತಗಳಿ, ಪುರಿ ತಗಳಿ."

"ಪುರಿ ಬೇಡಪ್ಪ! ಪುರಿಯಿಂದಾನೇ ಬಂದಿದೀನಿ!"

"ಹಬ್ಬದ ದಿನ ಬೇಡ ಅನ್ಬಾರದು ಸಾರ್."

ಎರಡನೆಯವನೂ ಪುರಿ ಕೊಟ್ಟ. ಮೂರನೆಯವನು ಪುರಿಯ ಜೊತೆ ಬೂಂದಿ ಕೊಟ್ಟ. ಸ್ಕ್ರೂಡ್ರೈವರ್ ಕೇಳಲು ಹೋದ ಮನುಷ್ಯ ಎರಡೂ ಕೈಯಲ್ಲಿ ಪುರಿಯ ಪೊಟ್ಟಣ ತೂಗಾಡಿಸಿಕೊಂಡು ರಸ್ತೆಯಂಚಿನಲ್ಲಿ ನಿಂತು, ಕೊನೆಯ ಅಸ್ತ್ರವಾಗಿ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಕನ್ನಡಕ್ಕೆ ಯಾವುದೋ ಅಂಕಿ ಒತ್ತಿ, ತುಂಬಾ ಹೊತ್ತು ವೀಣೆ ಕೇಳಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ನಮಸ್ಕಾರ ಸಾರ್, ಟ್ರೇ ಒಳಗೆ ಏನಿದೆ ಹೇಳ್ತೀರಾ?"

"ಎಲೆ, ಅಡಿಕೆ, ಪುರಿ, ಬಾಳೆಹಣ್ಣು."

ಅವಳ ಮುಂದಿನ ಪರದೆಯಲ್ಲಿ, ಡಿಸ್ಕ್ ಯಾವ ದೇಶದ ವಲಯಕ್ಕೆ ಸೇರಿದ್ದು ಎಂಬುದೂ ಸೇರಿ, ಪ್ರಶ್ನೆಗಳು ಸಾಲಾಗಿ ಇದ್ದವಲ್ಲ, ಕೇಳಲೇಬೇಕು. "ಅದು ಯಾವ ರೀಜನ್‌ದು ಸಾರ್?"

"ನಂಜನಗೂಡು."

"ಆ ರೀಜನ್ ಸಪೋರ್ಟ್ ಮಾಡಲ್ಲ ಸಾರ್."

"ತಾಯಿ, ವಾರಂಟಿ ಇದೆಯಲ್ಲಮ್ಮ!"

"ಒಳಗೆ ಲಿಕ್ವಿಡ್ ಹೋಗಿದ್ರೆ ವಾರಂಟಿ ಬರಲ್ಲ ಸಾರ್."

"ಬಾಳೆಹಣ್ಣು ಲಿಕ್ವಿಡ್ಡಾ?"

"ಎಷ್ಟು ಹಣ್ಣಾಗಿದೆ ಅನ್ನೋದರ ಮೇಲೆ ಹೋಗುತ್ತೆ ಸಾರ್. ನಮ್ಮ ಇಂಜಿನಿಯರ್ ಬಂದು ನೋಡ್ತಾರೆ. ಹಬ್ಬ ಮುಗೀಲಿ. ಇವತ್ತು ಅವರೂ ಟೂಲ್ಸ್ ಪೂಜೆಗೆ ಇಟ್ಟಿದಾರೆ."

ಸೋತು ಸುಣ್ಣವಾಗಿ ಮನೆಗೆ ಬಂದರೆ ಗೇಟಿನ ಮುಂದೆ ಚಪ್ಪಲಿಗಳ ರಾಶಿ! ಅಕ್ಕಯ್ಯಮ್ಮನವರು ಕಾಂಪೌಂಡಿನ ಮೇಲಿಂದ ಪಕ್ಕದ ಮನೆ ದುರ್ಗವ್ವನಿಗೆ ವಿಷಯ ಹೇಳಿದ್ದರು. ದುರ್ಗವ್ವನಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಹಾಲ್‌ನಲ್ಲಿ ಹೆಂಗಸರ ಸಾಲು. ಪ್ಲೇಯರಿನ ನೆತ್ತಿಯ ಮೇಲೆ ಮೊಳಗಟ್ಟಲೆ ಮಲ್ಲಿಗೆ. ಪಕ್ಕದಲ್ಲಿ ರಿಮೋಟ್ ಹಿಡಿದು ಅರ್ಚಕರ ಗಾಂಭೀರ್ಯದಲ್ಲಿ ಕೂತವರು ಸಾಕ್ಷಾತ್ ವೆಂಕಟಲಕ್ಷ್ಮಮ್ಮ!

"ತಳ್ಳಾಡ್ಬೇಡಿ, ಒಬ್ಬೊಬ್ರಾಗಿ ಬನ್ನಿ" ಎಂದು ಬಟನ್ ಒತ್ತುತ್ತಿದ್ದರು. ಟ್ರೇ ಬೆರಳಗಲ ತೆರೆದು, ನಡುಗಿ, ಒಂದು ಪುರಿ ಉಗಿಯುತ್ತಿತ್ತು. ಅದು ತೆರೆದಾಗ ಹೆಂಗಸರು ಆ ಸಂದಿಯಲ್ಲಿ ತಮ್ಮ ಕಡೆಯಿಂದ ನಾಲ್ಕು ಪುರಿ ತೂರಿಸುತ್ತಿದ್ದರು. ಹಾಗಾಗಿ ಭಂಡಾರ ಬರಿದಾಗುವ ಭಯವಿರಲಿಲ್ಲ.

"ಎರಡು ಪುರಿ ಬಂದ್ವು ಕಣ್ರೀ ನಂಗೆ!" ದುರ್ಗವ್ವ ಅಲ್ಲೇ ಗದ್ಗದಿತಳಾದಳು. "ಅವಳಿ ಮೊಮ್ಮಕ್ಕಳು ಅಂತ ಅರ್ಥ!"

ಕೃಷ್ಣಯ್ಯನವರು ಹೆಂಡತಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಲೇ, ಏನೇ ಇದು? ನಾಳೆ ನಿನ್ ತಮ್ಮ ಬರ್ತಾನೆ ಕಣೇ! ನನ್ನ ಮರ್ಯಾದೆ ಏನಾಗ್ಬೇಕು?"

"ಅತ್ತೆ ಖುಷಿಯಾಗಿದಾರೆ, ಜನ ಖುಷಿಯಾಗಿದಾರೆ. ನೀವು ತಂದ ಮೆಷಿನ್ ಮುಂದೆ ಜನ ಕ್ಯೂ ನಿಂತಿರೋದು ಇದೇ ಮೊದಲು. ಸುಮ್ನಿರಿ. ಆ ಪುರಿ ಇಲ್ಲಿ ಕೊಡಿ, ಹಂಚೋಕೆ ಬೇಕು."

ಮರುದಿನ ಬೆಳಿಗ್ಗೆ ಮಂಗಳಾರತಿ ಆಗಿ ಸ್ಕ್ರೂಡ್ರೈವರಿಗೆ ಬಿಡುಗಡೆಯೇನೋ ಸಿಕ್ಕಿತು. ಆದರೆ ಅದನ್ನು ಹಿಡಿದು ಹಾಲ್‌ಗೆ ಬಂದ ಕೃಷ್ಣಯ್ಯನವರನ್ನು ಕಂಡು, ಆಗಲೇ ಮತ್ತೆ ಸಾಲುಗಟ್ಟಿ ಕೂತಿದ್ದ ಹೆಂಗಸರು "ಹೋ!" ಎಂದು ಎದ್ದರು. ರಾಕ್ಷಸನನ್ನು ನೋಡುವಂತೆ ನೋಡಿದರು. ಕೃಷ್ಣಯ್ಯನವರು ಸ್ಕ್ರೂಡ್ರೈವರಿನಿಂದ ಬೆನ್ನು ತುರಿಸಿಕೊಂಡು, ತಾವು ಬಂದದ್ದೇ ಅದಕ್ಕೆಂಬಂತೆ ವಾಪಸು ಹೋದರು.

ಮಧ್ಯಾಹ್ನ ಹನುಮಂತರಾಯಪ್ಪ ಸಂಸಾರ ಸಮೇತ ಬಂದ. ಕೃಷ್ಣಯ್ಯನವರು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತರು. ಇನ್ನೇನು ಆ "ಹಿಹಿಹಿ" ಬರುತ್ತದೆ, ಈ ಸಲ ಪಂಕ್ತಿ ಮಾತ್ರವಲ್ಲ, ಇಡೀ ಬಡಾವಣೆ ಕೇಳಿಸಿಕೊಳ್ಳುತ್ತದೆ!

ಹನುಮಂತರಾಯಪ್ಪ ಸಾಲು ನೋಡಿದ. ಮಲ್ಲಿಗೆ ನೋಡಿದ. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬಂದು ಸಾಲಿನಲ್ಲಿ ನಿಂತ. ಅಕ್ಕ ಬಟನ್ ಒತ್ತಿದಳು. ಅಂಗೈಗೆ ಬಿದ್ದ ಪುರಿಯನ್ನು ಕಣ್ಣಿಗೊತ್ತಿಕೊಂಡು ತಿಂದ. ಪ್ಲೇಯರಿಗೆ ಉದ್ದಂಡ ನಮಸ್ಕಾರ ಹಾಕಿದ. ಎದ್ದು ಬಂದು ಭಾವನ ಎರಡೂ ಕೈ ಹಿಡಿದುಕೊಂಡ. ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ.

"ಭಾವ, ಇನ್ಮೇಲೆ ನೀವು ತಂದಿದ್ದು ನೋಡಿ ನಾನು ನಗಲ್ಲ" ಎಂದ.

ಗೆದ್ದರು ಕೃಷ್ಣಯ್ಯ! ಬಾಯಿ ಮುಚ್ಚಿಕೊಂಡು ಎಲೆಯ ಮುಂದೆ ಕೂತಿದ್ದರೆ ಸಾಕಿತ್ತು, ಗೆಲುವು ಅವರದೇ. ಆದರೆ ಸಮುದ್ರ ತೋರಿಸುತ್ತೇನೆಂದು ಕರೆದು ಪುರಿ ತಿನ್ನಿಸಿ ಗೆಲ್ಲುವುದೂ ಒಂದು ಗೆಲುವೇ? ಬಾಮೈದನನ್ನು ಹಿತ್ತಲ ಬಾಗಿಲಿಗೆ ಎಳೆದುಕೊಂಡು ಹೋಗಿ, ಧ್ವನಿ ತಗ್ಗಿಸಿ, ಇದ್ದದ್ದು ಇದ್ದಹಾಗೆ ಒಪ್ಪಿಸಿಬಿಟ್ಟರು.

"ಲೋ ಹನುಮಂತ, ನಿನ್ನ ಹತ್ರ ಸುಳ್ಳು ಯಾಕೆ? ಅದ್ರಲ್ಲಿ ಮಹಿಮೆ ಗಿಹಿಮೆ ಏನೂ ಇಲ್ಲ ಕಣೋ. ಒಳಗೆ ಅಡಿಕೆ ಸಿಕ್ಕಾಕ್ಕೊಂಡು ಕೆಟ್ಟು ಕೂತಿದೆ. ಓಡಲ್ಲ!"

ಹನುಮಂತರಾಯಪ್ಪ ಭಾವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ಅದು ಬಂದ ತಕ್ಷಣ ಗೊತ್ತಾಯ್ತು ಬಿಡಿ ಭಾವ. ನೀವು ತಂದಿದ್ದು ಯಾವತ್ತು ಓಡಿದೆ? ಆದ್ರೆ ಕೆಟ್ಟ ಮೇಲೂ ನಾಲ್ಕು ಜನಕ್ಕೆ ಉಪಯೋಗಕ್ಕೆ ಬಂದಿರೋದು ಇದೊಂದೇ. ಅದಕ್ಕೇ ಅಡ್ಡಬಿದ್ದೆ!"